ದೇಹಸುಖ ಭಕ್ತಿಗೆ ಅಡ್ಡಿಯೇ? (ಪ್ರತಿಕ್ರಿಯೆ)

ಹೊಸದಾಗಿ ಮದುವೆಯಾಗಿದೆ, ಬೆಳಗಿನ ಪ್ರಾರ್ಥನೆಗೆ ಕುಳಿತರೆ ಹಿಂದಿನ ರಾತ್ರಿ ನೆನಪಾಗಿ ಮನಸ್ಸು ಕುಗ್ಗುತ್ತದೆ, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ನಲವತ್ತು ದಿನವೂ ಹೆಂಡತಿಯಿಂದ ದೂರವಿರಲೇ ಎಂದು ಕೇಳಿದ್ದೀರಿ. ಅವರನ್ನು ಕೇಳಿದಿರಾ?

ಬೈಬಲಿನಲ್ಲಿ ಪ್ರೇಷಿತ ಪೌಲ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 7ನೆಯ ಅಧ್ಯಾಯ ತೆರೆಯಿರಿ. ಗಂಡ ಹೆಂಡತಿ ಪ್ರಾರ್ಥನೆಗಾಗಿ ಅಗಲಿರಬಹುದು, ಆದರೆ ಇಬ್ಬರೂ ಒಪ್ಪಿ, ಸ್ವಲ್ಪ ಕಾಲ ಮಾತ್ರ, ಆಮೇಲೆ ಮತ್ತೆ ಕೂಡಿರಿ ಎನ್ನುತ್ತಾನೆ ಪೌಲ. ಅಗಲಬೇಡಿ ಎನ್ನಲು ಅವನು ಬಳಸಿದ ಗ್ರೀಕ್ ಕ್ರಿಯಾಪದವೇ ಹಿಂದಿನ ಅಧ್ಯಾಯದಲ್ಲಿ ಸಹೋದರರಿಗೆ ಮೋಸ ಮಾಡುವವರನ್ನು ಗದರುವಾಗಲೂ ಬರುತ್ತದೆ. ಸಂಗಾತಿಯನ್ನು ಕೇಳದೆ ಹಿಡಿದ ವ್ರತ ಅವನ ಕಣ್ಣಿಗೆ ವಂಚನೆಗೆ ಹತ್ತಿರ. (ಒಂಟಿಯಾಗಿರುವುದೇ ಮೇಲು ಎಂದೂ ಅಲ್ಲೇ ಬರೆದಿದ್ದಾನೆ, ಮುಚ್ಚಿಡುವುದೇಕೆ?)

ನಿಮ್ಮ ಅಳುಕಿಗೆ ಪ್ರಾಚೀನ ಕ್ರೈಸ್ತ ಚಿಂತಕ ಅಗಸ್ಟೀನರ ಕಾಲದಿಂದ ಬಂದ ಕಾಮದ ಮೇಲಿನ ಗುಮಾನಿಯೂ ಕಾರಣವಿರಬಹುದು. ಆದರೆ 12ನೆಯ ಶತಮಾನದಲ್ಲಿ ಸಂನ್ಯಾಸಿ ಬರ್ನಾರ್ಡರು ದೇವರ ಪ್ರೀತಿಯನ್ನು ವಿವರಿಸಲು ಬೈಬಲಿನ ಪ್ರೇಮಕಾವ್ಯವಾದ ಪರಮಗೀತೆಯನ್ನೇ ಹಿಡಿದರು. 86 ಪ್ರವಚನ ಬರೆದರೂ ಅದರ ಮೂರನೆಯ ಅಧ್ಯಾಯದ ಆರಂಭ ದಾಟಲಿಲ್ಲ. ಮೊದಲ ಹಲವು ಪ್ರವಚನಗಳು ಒಂದು ಚುಂಬನದ ಸುತ್ತಲೇ ಸುತ್ತುತ್ತವೆ.

ಉಪವಾಸದ ವಿಚಾರ ಬೇರೆ, ಅದನ್ನು ಧಾರಾಳವಾಗಿ ಮಾಡಿ. ಇದನ್ನು ಮಾತ್ರ ಇಬ್ಬರೂ ಕುಳಿತು ಮಾತಾಡಿಯೇ ತೀರ್ಮಾನಿಸಿ.