ಮರಳುಗಾಡಿನ ಗೋಧಿ, ಮುಳಬಾಗಿಲಿನ ಬೋರು

ಮುಳಬಾಗಿಲು ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: 'ಸೌದಿ ಅರೇಬಿಯಾದ ಮರಳಿನಲ್ಲಿ ಚಕ್ರದ ಹಾಗೆ ಹಸಿರು ಹೊಲ ಇರುವ ವಿಡಿಯೊ ನೋಡಿದೆ. ಎಲ್ಲಾ ನೆಲದಡಿಯ ನೀರಂತೆ. ನಮ್ಮಲ್ಲಿ ಎರಡು ಬೋರು ಫೇಲಾದವು. ಮೂರನೆಯದನ್ನು 1,800 ಅಡಿ ಕೊರೆಸಲಾ?'

ವಿಡಿಯೊ ಸುಳ್ಳಲ್ಲ. ಹೊಲದ ನಡುವೆ ಪಂಪು, ಅದಕ್ಕೆ ಗಾಲಿ ಮೇಲೆ ನಿಂತ ಉದ್ದನೆಯ ಪೈಪು. ಅದು ಗಾಣದೆತ್ತಿನ ಹಾಗೆ ಸುತ್ತುತ್ತಾ ನೀರು ಚಿಮುಕಿಸುತ್ತದೆ. ಅದಕ್ಕೇ ಹೊಲ ದುಂಡಗೆ. 1990ರ ದಶಕದ ಆರಂಭದಲ್ಲಿ ಅಲ್ಲಿ ವರ್ಷಕ್ಕೆ ಸುಮಾರು 40 ಲಕ್ಷ ಟನ್ ಗೋಧಿ ಬೆಳೆದರು, ಹೊರದೇಶಕ್ಕೂ ಮಾರಿದರು! ವಿಡಿಯೊದವರು ಮುಂದಿನ ಕಥೆ ಹೇಳಿರಲಿಕ್ಕಿಲ್ಲ. ಅಲ್ಲಿನ ನೆಲದಡಿ ಇರುವುದು ಸಾವಿರಾರು ವರ್ಷ ಹಿಂದೆ, ಅಲ್ಲಿ ಮಳೆ ಚೆನ್ನಾಗಿದ್ದಾಗ ಇಂಗಿದ ನೀರು. ಈಗ ಬಹುಪಾಲು ಕಡೆ ವರ್ಷಕ್ಕೆ 100 ಮಿ.ಮೀ. ಬಿದ್ದರೆ ಹೆಚ್ಚು. ತೆಗೆದದ್ದು ತುಂಬಲ್ಲ. ಒಂದು ಕಿಲೋ ಗೋಧಿಗೆ ಸಾವಿರ ಲೀಟರಿಗೂ ಜಾಸ್ತಿ ನೀರು ಬೇಕು. 2008ರಿಂದ ಸರ್ಕಾರವೇ ರೈತರಿಂದ ಗೋಧಿ ಕೊಳ್ಳುವುದನ್ನು ಕಡಿಮೆ ಮಾಡುತ್ತಾ ಬಂದು, 2016ಕ್ಕೆ ನಿಲ್ಲಿಸಿತು. ಆಮೇಲೆ ಅಷ್ಟಿಷ್ಟು ಮತ್ತೆ ಶುರುವಾಗಿದೆ, ಆ ಮಾತು ಬೇರೆ.

ಇನ್ನು ನಮ್ಮ ನೆಲ. ಅಲ್ಲಿನದು ಮರಳುಗಲ್ಲು. ರಸ್ಕು ಟೀ ಹೀರಿದ ಹಾಗೆ ಇಡೀ ಕಲ್ಲೇ ನೀರು ಹಿಡಿದಿರುತ್ತದೆ. ನಮ್ಮದು ಗಟ್ಟಿ ಬಂಡೆ, ನೀರಿರುವುದು ಬಿರುಕಿನಲ್ಲಿ ಮಾತ್ರ. ಆಳಕ್ಕೆ ಹೋದಷ್ಟೂ ಬಿರುಕು ಕಡಿಮೆ. ಶ್ರೀನಿವಾಸಪುರದ ಕಡೆ ಒಂದು ರಾತ್ರಿ ರಿಗ್ ಲಾರಿ ಪಕ್ಕ ನಿಂತಿದ್ದೆ. 900 ಅಡಿಯಲ್ಲೂ ಬರೀ ಬಿಳಿ ಧೂಳು. ಮಾವಿನೆಲೆಯೆಲ್ಲ ಹಿಟ್ಟು ಚೆಲ್ಲಿದಂತಾಗಿತ್ತು. ಮನೆಯ ಯಜಮಾನರು ಧೂಳನ್ನು ಮುಷ್ಟಿಯಲ್ಲಿ ಹಿಡಿದು ಅದುಮಿ ನೋಡುತ್ತಿದ್ದರು, ಉಂಡೆ ಕಟ್ಟುತ್ತೇನೋ ಅಂತ. ಕಟ್ಟಲಿಲ್ಲ. 'ಇನ್ನೊಂದು ನೂರಡಿ' ಅಂದರು. ಅಡಿ ಲೆಕ್ಕದಲ್ಲಿ ದುಡ್ಡು ಎಣಿಸುವ ಲಾರಿಯವನು ಬೇಡ ಅಂತಾನಾ?

ನನ್ನನ್ನು ಕೇಳಿದರೆ, ಕೊರೆಸಬೇಡಿ. ಕೋಲಾರ ಮರಳುಗಾಡಲ್ಲ, ವರ್ಷಕ್ಕೆ ಸುಮಾರು 700 ಮಿ.ಮೀ. ಮಳೆ ಬೀಳುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ಹಿರಿಯರು ಸಾವಿರಾರು ಕೆರೆ ಕಟ್ಟಿದ್ದು ಸುಮ್ನೆ ಅಲ್ಲ. ಕೆರೆಯಲ್ಲಿ ನಿಂತ ನೀರು ನಿಧಾನಕ್ಕೆ ಇಂಗಿ ಬಿರುಕಿಗೂ ಸೇರುತ್ತದೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಜಿಲ್ಲೆಯ ಕೆಲವು ಕೆರೆಗಳಿಗೆ ಬರುತ್ತಿದೆ. ಅದರ ಶುದ್ಧತೆ ಬಗ್ಗೆ ನನಗೂ ತಕರಾರಿದೆ, ಇನ್ನೊಮ್ಮೆ ಬರೆಯುತ್ತೇನೆ. ನಿಮ್ಮ ಪತ್ರದಲ್ಲಿ ಬೋರಿನ ಅಡಿ, ಕೇಸಿಂಗು, ನೀರಿನ ಪಾಯಿಂಟು ನೋಡಿದವರ ತೆಂಗಿನಕಾಯಿ ಎಲ್ಲ ಇದೆ. ಊರ ಕೆರೆಯ ಮಾತೇ ಇಲ್ಲವಲ್ಲ? ಅದರ ಕೋಡಿ ಕೊನೆಗೆ ಹರಿದದ್ದು ಯಾವಾಗ, ಅದಕ್ಕೆ ನೀರು ತರುವ ಕಾಲುವೆ ಯಾರ ಹೊಲದೊಳಗೆ ಸೇರಿಕೊಂಡಿದೆ? ವಿಚಾರಿಸಿ ಬರೆಯಿರಿ.