ಸ್ಕ್ವಿರಲ್ ಹಿಲ್‌ನ ಯಹೂದಿ ಸಂಸ್ಥೆಗಳು: ಯಾವ ಬಾಗಿಲು ಯಾವ ಕೆಲಸಕ್ಕೆ

ಪಿಟ್ಸ್‌ಬರ್ಗ್‌ನ ಸ್ಕ್ವಿರಲ್ ಹಿಲ್‌ನಲ್ಲಿ ಮನೆ ಹಿಡಿದಿದ್ದೇವೆ, ಮೂರು ವರ್ಷದ ಮಗು ಇದೆ, ನಾನು ಎಚ್-4 ವೀಸಾದಲ್ಲಿದ್ದೇನೆ (ಎಚ್-1ಬಿ ಉದ್ಯೋಗ ವೀಸಾದವರ ಸಂಗಾತಿಗೆ ಸಿಗುವುದು), ಸುತ್ತಮುತ್ತ ಎಲ್ಲಿ ನೋಡಿದರೂ ಯಹೂದಿ ಸಂಸ್ಥೆಗಳ ಬೋರ್ಡು, ನಮ್ಮಂಥವರು ಒಳಗೆ ಹೋಗಬಹುದೇ ಎಂದು ಕೇಳಿದ್ದೀರಿ. ಧಾರಾಳವಾಗಿ ಹೋಗಬಹುದು. ಇವುಗಳ ಹೆಚ್ಚಿನ ಸೇವೆಗಳಿಗೆ ಧರ್ಮದ ಷರತ್ತಿಲ್ಲ. ಯಾರನ್ನು ಏನು ಕೇಳಬೇಕೆಂದು ಗೊತ್ತಿಲ್ಲದಿದ್ದರೆ ಮಾತ್ರ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಲೇ ವಾರ ಕಳೆಯುತ್ತದೆ.

ಹೊಸಬರು ಮೊದಲು ಎಡವುವುದು ಜ್ಯೂಯಿಶ್ ಫೆಡರೇಶನ್‌ನಲ್ಲಿ. ಹೆಸರು ದೊಡ್ಡದು, ಹಾಗಾಗಿ ಎಲ್ಲರೂ ಅಲ್ಲಿಗೇ ಫೋನ್ ಮಾಡುತ್ತಾರೆ. ಅದರ ಮುಖ್ಯ ಕೆಲಸ ದೇಣಿಗೆ ಎತ್ತಿ ಬೇರೆ ಸಂಸ್ಥೆಗಳಿಗೆ ಹಂಚುವುದು. ಆಪ್ತಸಲಹೆ, ಉದ್ಯೋಗ ಹುಡುಕಾಟ, ವಲಸೆ ಕಾನೂನು, ನಿರಾಶ್ರಿತರ ನೆರವು, ಕಷ್ಟದಲ್ಲಿರುವವರಿಗೆ ದಿನಸಿ ಕೊಡುವ ಸ್ಕ್ವಿರಲ್ ಹಿಲ್ ಫುಡ್ ಪ್ಯಾಂಟ್ರಿ, ಇಷ್ಟನ್ನೂ ನೋಡಿಕೊಳ್ಳುವುದು ಜೆಎಫ್‌ಸಿಎಸ್, ಅಂದರೆ ಜ್ಯೂಯಿಶ್ ಫ್ಯಾಮಿಲಿ ಆ್ಯಂಡ್ ಕಮ್ಯುನಿಟಿ ಸರ್ವಿಸಸ್. ಈಜುಕೊಳ, ಜಿಮ್, ಶಿಶುವಿಹಾರ, ಬೇಸಿಗೆ ಶಿಬಿರ ಬೇಕಿದ್ದರೆ ಫೋರ್ಬ್ಸ್ ಮತ್ತು ಮರ್ರೆ ರಸ್ತೆಗಳು ಕೂಡುವಲ್ಲಿರುವ ಜೆಸಿಸಿ, ಅಂದರೆ ಜ್ಯೂಯಿಶ್ ಕಮ್ಯುನಿಟಿ ಸೆಂಟರ್. ಹೀಬ್ರೂ ಅಕ್ಷರದ ಗಡಿಯಾರ ಕಂಡರೆ ಅದೇ ಕಟ್ಟಡ.

ಮಗುವಿನ ವಿಷಯ ಮೊದಲು ಹಿಡಿಯಿರಿ. ಶಿಶುವಿಹಾರಗಳಲ್ಲಿ ಕಾಯುವ ಪಟ್ಟಿ ಉದ್ದ, ಶುಲ್ಕವೂ ಕಡಿಮೆಯಲ್ಲ. ಶುಲ್ಕ ರಿಯಾಯಿತಿಗೆ ಸಾಮಾನ್ಯವಾಗಿ ಹಿಂದಿನ ವರ್ಷದ ತೆರಿಗೆ ಪತ್ರ ಕೇಳುತ್ತಾರೆ. ಅದು ನಿಮ್ಮ ಹತ್ತಿರ ಇರುವುದಿಲ್ಲವಾದ್ದರಿಂದ ಆಫರ್ ಲೆಟರ್, ಇತ್ತೀಚಿನ ಸಂಬಳ ಚೀಟಿಗಳು, ಬಾಡಿಗೆ ಕರಾರು ಒಟ್ಟಿಗೆ ಕೊಟ್ಟು ಇವು ನಡೆಯುತ್ತವೆಯೇ ಎಂದು ಮೊದಲೇ ಕೇಳಿ. ಊಟದ ಡಬ್ಬಿಯ ನಿಯಮ ಬರಹದಲ್ಲೇ ಪಡೆಯಿರಿ. ಇಂಥ ಕೇಂದ್ರಗಳಲ್ಲಿ ಡಬ್ಬಿಗೆ ಮಾಂಸ ಹಾಕುವಂತಿಲ್ಲ ಎಂಬುದು ಸಾಮಾನ್ಯ ನಿಯಮ, ನಮ್ಮ ಸಸ್ಯಾಹಾರಿ ಮನೆಗಳಿಗೆ ಅದು ಅನುಕೂಲವೇ. ಸಿಕ್ಕಿಬೀಳುವುದು ಶೇಂಗಾದಲ್ಲಿ. ಅಲರ್ಜಿಯ ಕಾರಣಕ್ಕೆ ಬೀಜಗಳನ್ನು ಪೂರ್ತಿ ನಿಷೇಧಿಸಿರುವ ಕಡೆ ಶೇಂಗಾ ಚಟ್ನಿಪುಡಿ ಸವರಿದ ದೋಸೆಯೂ ವಾಪಸ್ ಬರುತ್ತದೆ, ಚಿತ್ರಾನ್ನವೂ ಬರುತ್ತದೆ.

ಇನ್ನು ನಿಮ್ಮ ಸ್ವಯಂಸೇವೆ. ಎಚ್-4ನಲ್ಲಿ ಮಾಡಬಹುದು, ಎರಡು ಗೆರೆ ದಾಟದಿದ್ದರೆ: ಆ ಕೆಲಸ ಸಾಮಾನ್ಯವಾಗಿ ಸ್ವಯಂಸೇವಕರೇ ಮಾಡುವಂಥದ್ದಾಗಿರಬೇಕು, ಬದಲಿಗೆ ಏನೂ ಪಡೆಯಬಾರದು. ಸಂಬಳವಿಲ್ಲ, ಉಚಿತ ಜಿಮ್ ಸದಸ್ಯತ್ವ ಕೊಡುತ್ತೇವೆ ಎಂದರೂ ಅದು ಸಂಭಾವನೆಯೆಂದೇ ಲೆಕ್ಕವಾಗಬಹುದು, ಬೇಡವೆನ್ನಿ. ಮಕ್ಕಳ ಜೊತೆ ನಿತ್ಯ ಒಡನಾಡುವ ಕೆಲಸಕ್ಕೆ ಪೆನ್ಸಿಲ್ವೇನಿಯಾ ಕಾನೂನು ಪ್ರಕಾರ ರಾಜ್ಯ ಪೊಲೀಸ್ ದಾಖಲೆ ಪರಿಶೀಲನೆ ಮತ್ತು ಮಕ್ಕಳ ದೌರ್ಜನ್ಯ ದಾಖಲೆ ಪರಿಶೀಲನೆ, ಎರಡೂ ಬೇಕು. ಹಿಂದಿನ 10 ವರ್ಷ ಸತತವಾಗಿ ಈ ರಾಜ್ಯದಲ್ಲಿ ಇರದವರಿಗೆ ಎಫ್‌ಬಿಐ ಬೆರಳಚ್ಚೂ ಬೇಕು, ಹಾಗಾಗಿ ನಿಮಗೆ ಮೂರೂ ಅನ್ವಯ. ಮೊದಲೆರಡನ್ನು ಆನ್‌ಲೈನ್‌ನಲ್ಲಿ ಮಾಡಬಹುದು, ಸ್ವಯಂಸೇವಕ ಎಂದು ಆರಿಸಿದರೆ ಶುಲ್ಕವಿಲ್ಲ. ಉದ್ಯೋಗ ಎಂದು ಆರಿಸಿದರೆ ಹಣ ಕಟ್ಟಬೇಕು, ಪ್ರಮಾಣಪತ್ರವೂ ಬೇರೆ ಬಗೆಯದು ಬರುತ್ತದೆ. ಬೆರಳಚ್ಚಿಗೆ ಸಮಯ ಕಾಯ್ದಿರಿಸುವಾಗ ಒಂದು ಸರ್ವಿಸ್ ಕೋಡ್ ಹಾಕಬೇಕು. ಅದನ್ನು ಸಂಸ್ಥೆಯವರಿಂದಲೇ ಬರೆಸಿಕೊಳ್ಳಿ, ತಪ್ಪು ಕೋಡ್ ಹಾಕಿದರೆ ಮತ್ತೆ ದುಡ್ಡು ಕೊಟ್ಟು ಮತ್ತೆ ಬೆರಳೊತ್ತಬೇಕು. ಪಾಸ್‌ಪೋರ್ಟ್‌ನಲ್ಲಿ ಹೆಸರು ಹೇಗಿದೆಯೋ ಮೂರರಲ್ಲೂ ಹಾಗೆಯೇ ಇರಲಿ. ನಮ್ಮ ಇನಿಶಿಯಲ್‌ಗಳು, ಗಂಡನ ಹೆಸರು, ತಂದೆಯ ಹೆಸರು ಒಂದೊಂದು ಅರ್ಜಿಯಲ್ಲಿ ಒಂದೊಂದು ಥರ ಆದರೆ ಕಡತ ಅಲ್ಲೇ ನಿಲ್ಲುತ್ತದೆ. ಪತ್ರಗಳು 5 ವರ್ಷ ನಡೆಯುತ್ತವೆ, ಪ್ರತಿ ಇಟ್ಟುಕೊಳ್ಳಿ. ಮುಂದೆ ಮಗುವಿನ ಶಾಲೆಯಲ್ಲೂ ಬೇಕಾಗುತ್ತವೆ.

ಪ್ಯಾಂಟ್ರಿಯ ಕಪಾಟು ಜೋಡಿಸುವ ಕೆಲಸಕ್ಕೆ ಹೋಗುವುದಾದರೆ ಕೋಶರ್ ಗುರುತು, ಅಂದರೆ ಯಹೂದಿ ಆಹಾರ ನಿಯಮಕ್ಕೆ ಸಲ್ಲುತ್ತದೆಂಬ ಗುರುತು, ಓದುವುದನ್ನು ಕಲಿಯಿರಿ, ಮನೆಯ ಅಂಗಡಿ ಸಾಮಾನಿಗೂ ಉಪಯೋಗ. ವೃತ್ತದೊಳಗೆ ಇಂಗ್ಲಿಷಿನ ಯು ಇದ್ದು ಪಕ್ಕದಲ್ಲಿ ಡಿ ಇದ್ದರೆ ಹಾಲಿನ ವರ್ಗ, ಮಾಂಸ ಬೆರೆತಿರುವುದಿಲ್ಲ. ಪರೆವ್ ಎಂದಿದ್ದರೆ ಮಾಂಸವೂ ಇಲ್ಲ, ಹಾಲೂ ಇಲ್ಲ. ಆದರೆ ಮೊಟ್ಟೆ ಮತ್ತು ಮೀನು ಪರೆವ್ ಲೆಕ್ಕದಲ್ಲೇ ಬರುತ್ತವೆ! ಆದ್ದರಿಂದ ಪರೆವ್ ಕಂಡ ಕೂಡಲೇ ಸಸ್ಯಾಹಾರ ಅಂದುಕೊಳ್ಳಬೇಡಿ, ಹಿಂಬದಿಯ ಪದಾರ್ಥಗಳ ಪಟ್ಟಿ ಓದಿ. ಗುರುತಿನ ಪಕ್ಕ ಬರೀ ಪಿ ಇದ್ದರೆ ಅದು ಪಾಸೋವರ್ ಹಬ್ಬಕ್ಕೆ ಸಲ್ಲುವ ಸಾಮಾನು, ಪರೆವ್ ಅಲ್ಲ.

ಕೆಲಸ ಹೋದರೆ ಎಂಬ ಭಯ ಎಚ್-1ಬಿ ಮನೆಗಳಲ್ಲಿ ಇದ್ದದ್ದೇ. ಹೀಬ್ರೂ ಫ್ರೀ ಲೋನ್ ಅಸೋಸಿಯೇಶನ್ 1887ರಿಂದ ಇಲ್ಲಿ ಬಡ್ಡಿಯಿಲ್ಲದ ಸಾಲ ಕೊಡುತ್ತಿದೆ, ಯಹೂದ್ಯೇತರರಿಗೂ. ಬಡವನಿಗೆ ಕೊಟ್ಟ ಸಾಲಕ್ಕೆ ಬಡ್ಡಿ ಕೂಡದೆಂದು ಅವರ ಧರ್ಮಗ್ರಂಥದಲ್ಲೇ ಇದೆ. ಸಾಲ ನೀಡಿ ಒಬ್ಬನನ್ನು ಸ್ವಂತ ಕಾಲಮೇಲೆ ನಿಲ್ಲಿಸುವುದನ್ನು 12ನೇ ಶತಮಾನದ ಪಂಡಿತ ಮೈಮೊನಿಡೀಸ್ ದಾನದ ಎಂಟು ಮೆಟ್ಟಿಲುಗಳಲ್ಲಿ ಎಲ್ಲಕ್ಕೂ ಮೇಲಿಟ್ಟ. ಹಾಗೆಂದು ಸುಲಭವಲ್ಲ: ಜಾಮೀನುದಾರರು ಬೇಕು. ಬಂದ ಹೊಸದರಲ್ಲಿ ಜಾಮೀನು ನಿಲ್ಲುವಷ್ಟು ಪರಿಚಯ ಯಾರಿರುತ್ತಾರೆ, ಅರ್ಜಿಗಳು ನಿಲ್ಲುವುದೇ ಅಲ್ಲಿ. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನದಲ್ಲಿ ಸಿಗುವ ನಮ್ಮವರ ಪರಿಚಯ ಬೆಳೆಸಿಕೊಳ್ಳಲು ಇದೂ ಒಂದು ಕಾರಣ ಎಂದಿಟ್ಟುಕೊಳ್ಳಿ.

ಓಕ್‌ಲೆಂಡ್‌ನಲ್ಲಿ ನೀವು ನೋಡುವ ಮಾಂಟಿಫಿಯೋರ್ ಆಸ್ಪತ್ರೆಯ ಮೂಲವೂ ಇದೇ ಸಮುದಾಯ. ಬೇರೆಡೆ ಯಹೂದಿ ವೈದ್ಯರಿಗೆ ಅವಕಾಶ ಸಿಗದ ಕಾಲದಲ್ಲಿ, 1908ರಲ್ಲಿ, ಮಹಿಳೆಯರು ಹಣ ಕೂಡಿಸಿ ತೆರೆದದ್ದು. 1990ರಲ್ಲಿ ಅದನ್ನು ಮಾರಿದ ಹಣದಿಂದ ಜ್ಯೂಯಿಶ್ ಹೆಲ್ತ್‌ಕೇರ್ ಫೌಂಡೇಶನ್ ಹುಟ್ಟಿತು.

2018ರ ಅಕ್ಟೋಬರ್ 27ರಂದು ಇದೇ ಬಡಾವಣೆಯ ಟ್ರೀ ಆಫ್ ಲೈಫ್ ಎಂಬ ಯಹೂದಿ ಪ್ರಾರ್ಥನಾ ಮಂದಿರದ ಕಟ್ಟಡದಲ್ಲಿ 11 ಜನರನ್ನು ಗುಂಡಿಕ್ಕಿ ಕೊಂದರು. ವಲಸಿಗರಿಗೆ ಯಹೂದಿ ಸಂಸ್ಥೆ ನೆರವಾಗುತ್ತದೆ ಎಂಬುದೂ ಕೊಲೆಗಾರನ ದ್ವೇಷಕ್ಕೆ ಕಾರಣವಾಗಿತ್ತು. ಅದಕ್ಕೇ ಈ ಸಂಸ್ಥೆಗಳ ಬಾಗಿಲು ಹಾಕಿರುವುದು, ಬೆಲ್ ಒತ್ತಿ ಹೆಸರು ಹೇಳಬೇಕಾದದ್ದು. ಗುರುತಿನ ಚೀಟಿ ಕೈಯಲ್ಲಿರಲಿ, ದೊಡ್ಡ ಬ್ಯಾಗ್ ಬೇಡ, ಕಟ್ಟಡದ ಫೋಟೋ ತೆಗೆಯುತ್ತಾ ನಿಲ್ಲಬೇಡಿ. ಚೀಟಿ ಕೇಳಿದರೆಂದು ಬೇಸರಪಡುವಂಥದ್ದು ಅದರಲ್ಲಿ ಏನೂ ಇಲ್ಲ.

ಫೋನ್ ಮಾಡಲು ಸೋಮವಾರದಿಂದ ಗುರುವಾರ ಒಳ್ಳೆಯದು. ಯಹೂದಿಗಳ ವಾರದ ವಿಶ್ರಾಂತಿ ದಿನ ಶುಕ್ರವಾರ ಸೂರ್ಯಾಸ್ತಕ್ಕೆ ಶುರುವಾಗುತ್ತದೆ; ಚಳಿಗಾಲದಲ್ಲಿ ಸೂರ್ಯ ಐದರ ಹೊತ್ತಿಗೇ ಮುಳುಗುವುದರಿಂದ ಶುಕ್ರವಾರ ಕಚೇರಿಗಳು ಬೇಗ ಖಾಲಿಯಾಗುತ್ತವೆ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಹಬ್ಬಗಳು ಸಾಲಾಗಿ ಬರುತ್ತವೆ, ಆಗ ಕೊಟ್ಟ ಅರ್ಜಿ ಮೂರು ನಾಲ್ಕು ವಾರ ಅಲುಗಾಡದಿರಬಹುದು. ಕೆಲಸ ಆದಮೇಲೆ ಕೃತಜ್ಞತೆಗೆ ಮನೆಯಲ್ಲಿ ಮಾಡಿದ ಮೈಸೂರು ಪಾಕ್ ಒಯ್ಯಬೇಡಿ, ಕೋಶರ್ ಪಾಲಿಸುವವರು ಅದನ್ನು ತಿನ್ನಲಾರರು, ಸಂಸ್ಥೆಯ ಅಡುಗೆಮನೆಗೂ ಒಯ್ಯಲಾರರು. ಗುರುತಿರುವ, ಸೀಲು ಒಡೆಯದ ಪೊಟ್ಟಣವಾದರೆ ಸಂತೋಷದಿಂದ ತೆಗೆದುಕೊಳ್ಳುತ್ತಾರೆ.