ಹದಿಹರೆಯದ ಮೌನ: ಓದುಗರ ಪ್ರಶ್ನೆಗೆ ಮನೋವೈದ್ಯರ ಉತ್ತರ

ಪ್ರಶ್ನೆ: ಮಗನಿಗೆ 15 ವರ್ಷ, ಎಸ್ಸೆಸ್ಸೆಲ್ಸಿ. ಎರಡು ತಿಂಗಳಿಂದ ಶಾಲೆಯಿಂದ ಬಂದವನೇ ಕೋಣೆ ಸೇರಿ ಚಿಲಕ ಹಾಕಿಕೊಳ್ಳುತ್ತಾನೆ. ಕಬಡ್ಡಿ ಬಿಟ್ಟಿದ್ದಾನೆ, ಊಟ ಸೇರುತ್ತಿಲ್ಲ, ತಡರಾತ್ರಿಯವರೆಗೆ ಎದ್ದಿರುತ್ತಾನೆ. ಮೊಬೈಲ್ ಕಿತ್ತಿಟ್ಟೆವು, ತಾಯತ ಕಟ್ಟಿಸಿದೆವು. ಮೊನ್ನೆ ‘ನಾನಿಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ’ ಎಂದ. ಅವರಪ್ಪ ಇದೆಲ್ಲ ನಾಟಕ ಎನ್ನುತ್ತಾರೆ. ಏನು ಮಾಡಲಿ?
– ಓದುಗರೊಬ್ಬರು, ಮದ್ದೂರು ತಾಲ್ಲೂಕು

ಉತ್ತರ: ಪರೀಕ್ಷೆ ಹತ್ತಿರವಾದಂತೆಲ್ಲ ಇಂಥ ಪತ್ರಗಳು ಬರುತ್ತವೆ, ಬಹುಪಾಲು ಪತ್ರಗಳಲ್ಲಿ ಮನೆಯ ಹಿರಿಯರೊಬ್ಬರು ‘ನಾಟಕ’ ಎಂದು ತೀರ್ಪು ಕೊಟ್ಟಾಗಿರುತ್ತದೆ. ಆ ತೀರ್ಪನ್ನು ದಯವಿಟ್ಟು ಇಂದೇ ಹಿಂತೆಗೆದುಕೊಳ್ಳಿ.

ತಡವಾಗಿ ಮಲಗುವುದೊಂದೇ ಆಗಿದ್ದರೆ ನಾನು ಇಷ್ಟು ಗಾಬರಿಪಡುತ್ತಿರಲಿಲ್ಲ. ಈ ವಯಸ್ಸಿನಲ್ಲಿ ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಸ್ರವಿಸುತ್ತದೆ. 8ರಿಂದ 10 ಗಂಟೆ ನಿದ್ದೆ ಬೇಕಾದ ಮಕ್ಕಳನ್ನು ನಸುಕಿನಲ್ಲೇ ಎಬ್ಬಿಸಿ ಟ್ಯೂಷನ್ನಿಗೆ ಅಟ್ಟುವವರು ನಾವೇ. ಆದರೆ ಇಷ್ಟದ ಆಟ, ಗೆಳೆಯರು, ಊಟ ಮೂರೂ ಒಟ್ಟಿಗೆ ದೂರವಾಗಿ ಎರಡು ವಾರ ಮೀರಿದರೆ ಅದನ್ನು ವಯಸ್ಸಿನ ತಲೆಗೆ ಕಟ್ಟಬಾರದು. ಹದಿಹರೆಯದಲ್ಲಿ ಖಿನ್ನತೆ ಅಳುವಿಗಿಂತ ಹೆಚ್ಚಾಗಿ ಸಿಡುಕಿನ ರೂಪದಲ್ಲಿ ಕಾಣಿಸಿಕೊಳ್ಳುವುದುಂಟು, ಆದ್ದರಿಂದಲೇ ಅದು ಮನೆಯವರಿಗೆ ಕೊಬ್ಬಿನಂತೆ ತೋರುತ್ತದೆ.

ಇನ್ನು ಮಾತನಾಡಿಸುವ ಬಗೆ. ಅಪ್ಪ, ಅಮ್ಮ, ಸೋದರಮಾವ ಮೂವರೂ ನಡುಮನೆಯಲ್ಲಿ ಕುಳಿತು, ಹುಡುಗನನ್ನು ಎದುರಿಗೆ ನಿಲ್ಲಿಸಿ, ದೊಡ್ಡಪ್ಪನ ಮಗನ ಅಂಕಗಳನ್ನು ಓದಿ ಹೇಳಿ, ‘ನಿನಗೇನು ಕಡಿಮೆ ಮಾಡಿದ್ದೇವೆ?’ ಎಂದು ಕೇಳಿದರೆ ‘ಏನಿಲ್ಲ’ ಎಂಬುದರ ಹೊರತು ಬೇರೆ ಉತ್ತರ ಬಾರದು. ಅವರೆಕಾಯಿ ಸುಲಿಯುವಾಗಲೋ ಗದ್ದೆಯ ಕಡೆಗೆ ಬೈಕಿನಲ್ಲಿ ಹೋಗುವಾಗಲೋ, ಕಣ್ಣಿಗೆ ಕಣ್ಣು ಕೊಡಬೇಕಾದ ಒತ್ತಡವಿಲ್ಲದ ಹೊತ್ತಿನಲ್ಲಿ, ‘ಕಬಡ್ಡಿಗೆ ಹೋಗಿ ತುಂಬ ದಿನವಾಯಿತು, ಸರಿಯಾಗಿ ಉಣ್ಣುತ್ತಲೂ ಇಲ್ಲ, ನನಗೆ ಭಯವಾಗಿದೆ ಕಣೋ’ ಎಂದಷ್ಟೇ ಹೇಳಿ ಸುಮ್ಮನಾಗಿ. ಅವನು ಬಾಯಿ ಬಿಟ್ಟ ಮೇಲೂ ಬುದ್ಧಿವಾದಕ್ಕೆ ಇಳಿಯಬೇಡಿ. ಮೊದಲ ಬುದ್ಧಿವಾದಕ್ಕೇ ಬಾಯಿ ಮತ್ತೆ ಮುಚ್ಚುವುದನ್ನು ನಾನು ಹೊರರೋಗಿ ವಿಭಾಗದಲ್ಲಿ ಸದಾ ನೋಡುತ್ತೇನೆ.

ಅವನು ಆಡಿದ ಆ ಮಾತಿನ ಬಗ್ಗೆ ಇವತ್ತೇ, ನೇರವಾಗಿ, ‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದು ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು. ಹೇಳಿಕೊಳ್ಳಲು ದಾರಿ ಸಿಕ್ಕಂತಾಗುತ್ತದೆ. ಹೌದೆಂದರೆ ಆಣೆ ಹಾಕಿಸಿಕೊಳ್ಳಬೇಡಿ, ಬೈಯಬೇಡಿ, ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆತನ್ನಿ. ಇಲ್ಲವೆಂದರೂ ಈ ವಾರವೇ ಮನೋವೈದ್ಯರಿಗೆ ತೋರಿಸಿ. ಕಬ್ಬಿಗೆ, ಭತ್ತಕ್ಕೆ ಹೊಡೆಯುವ ಔಷಧಿಯ ಡಬ್ಬಗಳನ್ನು ಮೆಟ್ಟಿಲ ಕೆಳಗೆ, ಬಚ್ಚಲಿನ ಅಟ್ಟದ ಮೇಲೆ ಇಡುವ ರೂಢಿ ನಮ್ಮ ಕಡೆ ಇದೆ. ಅವನ್ನೂ ಅಜ್ಜಿಯ ಮಾತ್ರೆಗಳನ್ನೂ ಮನೆಯಿಂದ ಸಾಗಿಸಿ, ಆಗದಿದ್ದರೆ ಬೀಗದೊಳಗಿಟ್ಟು ಬೀಗದ ಕೈಯನ್ನು ನೀವೇ ಇಟ್ಟುಕೊಳ್ಳಿ. ಇದನ್ನು ನಾನು ಸಲಹೆಯಾಗಿ ಹೇಳುತ್ತಿಲ್ಲ, ಆಜ್ಞೆಯೆಂದೇ ತಿಳಿಯಿರಿ.

ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಮಿಮ್ಸ್‌ನಲ್ಲೂ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮನೋವೈದ್ಯ ವಿಭಾಗಗಳಿವೆ. 2022ರಲ್ಲಿ ಆರಂಭವಾದ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಎನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ತಾಯತ ನಿಮಗೆ ಸಮಾಧಾನ ಕೊಡುವುದಾದರೆ ಇರಲಿ, ಆದರೆ ಗಾಳಿ ಬಿಡಿಸುವವರ ಬಾಗಿಲಲ್ಲಿ ಇನ್ನೊಂದು ವಾರ ಕಳೆಯಬೇಡಿ. ಮೊಬೈಲನ್ನು ಹಿಂದಿರುಗಿಸಿ, ರಾತ್ರಿ 10ರ ನಂತರ ಮನೆಯವರೆಲ್ಲರ ಫೋನುಗಳೂ, ಅವರಪ್ಪನದೂ ಸೇರಿ, ನಡುಮನೆಯಲ್ಲಿರಲಿ.

ಪ್ರಶ್ನೆ: ಮಗಳ ಡೈರಿಯನ್ನು ಗುಟ್ಟಾಗಿ ಓದಬಹುದೇ? – ಮೈಸೂರು

ಉತ್ತರ: ಜೀವಕ್ಕೆ ಅಪಾಯವಿದೆ ಎಂಬ ಗಟ್ಟಿ ಅನುಮಾನವಿಲ್ಲದಿದ್ದರೆ, ಬೇಡ.

ಪ್ರಶ್ನೆ: ನೆನಪಿನ ಶಕ್ತಿಗೆ ಯಾವ ಸಿರಪ್ ಒಳ್ಳೆಯದು? – ಮಂಡ್ಯ

ಉತ್ತರ: ಯಾವುದೂ ಅಲ್ಲ. ಮಲಗಲು ಬಿಡಿ.

ಪ್ರಶ್ನೆ: ಬೆರಳಚ್ಚು ನೋಡಿ ಮಗುವಿನ ಬುದ್ಧಿಶಕ್ತಿ ಹೇಳುತ್ತಾರೆ, ಕಣ್ಣಿಗೆ ಬಟ್ಟೆ ಕಟ್ಟಿ ಓದುವ ಮಿಡ್‌ಬ್ರೈನ್ ತರಬೇತಿಯನ್ನೂ ಕೊಡುತ್ತಾರೆ. ಸೇರಿಸಲೇ? – ಶ್ರೀರಂಗಪಟ್ಟಣ

ಉತ್ತರ: ಎರಡಕ್ಕೂ ವೈಜ್ಞಾನಿಕ ಆಧಾರವಿಲ್ಲ. ಮಕ್ಕಳು ಓದುವುದು ಮೂಗಿನ ಪಕ್ಕದ ಸಂದಿಯಿಂದ ಇಣುಕಿ. ಅಪ್ಪ ಅಮ್ಮನ ಸಂತೋಷಕ್ಕಾಗಿ ಸುಳ್ಳಾಡುವುದನ್ನು ದುಡ್ಡು ಕೊಟ್ಟು ಕಲಿಸಿದಂತಾಗುತ್ತದೆ. ಶುಲ್ಕ ಕಟ್ಟಿದ್ದರೆ ವಾಪಸು ಕೇಳಿ.